ಹಾಸಿಗೆ ಅಂಗಡಿಯಲ್ಲಿ ನಿಂತೇ ಇದ್ದವಳು

ಹಾಸಿಗೆ ಅಕ್ಕ ಎಂದರೆ ಆ ಬೀದಿಗೆಲ್ಲ ಗೊತ್ತು. ಚಪ್ಪಲಿ ಅಂಗಡಿಯ ಹುಡುಗಿಯರಿಂದ ಹಿಡಿದು ಬ್ಯಾಂಕಿನ ಕಾವಲುಗಾರನವರೆಗೆ ಯಾರ ಸೊಂಟ ಹಿಡಿದುಕೊಂಡರೂ ಮೊದಲು ಅವಳ ಹತ್ತಿರವೇ ಬರುತ್ತಿದ್ದರು. ಬಂದವರು ಹಾಸಿಗೆಯ ಅಂಚಿನಲ್ಲಿ ಕೂರುವ ರೀತಿ ನೋಡಿದರೆ ಸಾಕು, ಇವರಿಗೆ ಗಟ್ಟಿ ಬೇಕೋ ಮೆತ್ತಗಿನದು ಬೇಕೋ, ಈ ಗಂಡ ಹೆಂಡತಿ ಒಂದು ಡಬಲ್ ಕೊಳ್ಳುತ್ತಾರೋ ಜಗಳವಾಡಿ ಎರಡು ಸಿಂಗಲ್ ಕೊಳ್ಳುತ್ತಾರೋ ಎಂದು ಅವಳಿಗೆ ತಿಳಿದುಬಿಡುತ್ತಿತ್ತು.

"ಚಪ್ಪಲಿ ಬಿಡಿ. ಸಂಕೋಚ ಬೇಡ. ನಿಮ್ಮ ಮನೆ ಅಂದ್ಕೊಂಡು ಮಲಗಿ," ಎನ್ನುತ್ತಿದ್ದಳು.

ಜನ ಮಲಗುತ್ತಿದ್ದರು. ಕೆಲವರು ನಿಜವಾಗಿಯೂ ನಿದ್ದೆ ಹೋಗಿ, ಎದ್ದ ಮೇಲೆ ಬಾಯಿ ಒರೆಸಿಕೊಳ್ಳುತ್ತ ನಾಚಿಕೊಳ್ಳುತ್ತಿದ್ದರು. ಅಷ್ಟು ಹೊತ್ತೂ ಅವಳು ಪಕ್ಕದಲ್ಲಿ ನಿಂತಿರುತ್ತಿದ್ದಳು. ಈ ಗೋಡೆಯಿಂದ ಆ ಗೋಡೆಯವರೆಗೆ ಹಾಸಿಗೆ, ದಿಂಬು, ಮತ್ತೆ ಹಾಸಿಗೆ. ಬಿಲ್ ಬರೆಯುವ ಅಜ್ಜನಿಗಾದರೂ ಒಂದು ಕುರ್ಚಿ ಇತ್ತು. ಬೆಳಗಿನಿಂದ ದೀಪ ಹೊತ್ತುವವರೆಗೆ ಅಲ್ಲಿ ನಿಂತೇ ಇರಬೇಕಾದ ಜೀವ ಅವಳದೊಂದೇ. ಇಷ್ಟು ಜನರಿಗೆ ನಿದ್ದೆ ಮಾರಿದವಳ ಪಾಲಿಗೆ ಮಾತ್ರ ದಾಸ್ತಾನು ಖಾಲಿ. ಒಳ್ಳೆಯ ನಿದ್ದೆ ಬಂದು ಎಷ್ಟು ಕಾಲವಾಯಿತೆಂದು ಕೇಳಿದರೆ ಅವಳು ಮಗಳ ವಯಸ್ಸು ಹೇಳುತ್ತಿದ್ದಳು.

ಮಗು ಹಾಲು ಬಿಟ್ಟ ವರ್ಷ ಒಂದು ಜ್ವರ ಬಂದಿತ್ತು. ಜ್ವರ ಹೋಯಿತು, ಮೈಕೈ ನೋವು ಹೋಗಲಿಲ್ಲ. ನಿನ್ನೆ ಹೆಗಲಲ್ಲಿ ಇದ್ದದ್ದು ಇವತ್ತು ಸೊಂಟಕ್ಕೆ ಬಾಡಿಗೆಗೆ ಬಂದಿರುತ್ತಿತ್ತು. ನಾಳೆ ಮೊಣಕೈಗೆ ಮುಂಗಡ ಕೊಟ್ಟಿರುತ್ತಿತ್ತು. ಬೆಳಿಗ್ಗೆ ಎದ್ದರೆ, ಯಾರೋ ತನ್ನನ್ನು ಒಗೆದು ಹಿಂಡಿ ಹರವುವುದನ್ನು ಮರೆತು ಬಕೆಟ್ಟಿನಲ್ಲೇ ಬಿಟ್ಟುಹೋದ ಹಾಗೆ. ತಲೆಯೊಳಗೆ ಮಂಜು ಬೇರೆ. ಗ್ರಾಹಕರಿಗೆ ಹಾಸಿಗೆಯ ಅಳತೆ ಹೇಳಲು ಹೊರಟು ಮನೆಯ ಬೀಗದ ಕೈ ಎಲ್ಲಿಟ್ಟೆ ಎಂದು ಯೋಚಿಸುತ್ತ ನಿಂತುಬಿಡುತ್ತಿದ್ದಳು. ಎಲ್ಲಿ ನೋವು ಎಂದು ಕೇಳಿ ಮಗಳು ಅಲ್ಲಲ್ಲಿ ಬಣ್ಣದ ನಕ್ಷತ್ರದ ಸ್ಟಿಕ್ಕರ್ ಅಂಟಿಸುತ್ತಿದ್ದಳು. ಒಂದು ದಿನ ಇವಳು ಕುತ್ತಿಗೆಯ ಹಿಂದೆ ಹಸಿರು ನಕ್ಷತ್ರ ಹೊತ್ತು ಅಂಗಡಿಗೆ ಹೋಗಿ ಸಂಜೆವರೆಗೆ ವ್ಯಾಪಾರ ಮಾಡಿದ್ದಳು.

ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಚೆನ್ನಾಗಿತ್ತು. ಎಕ್ಸರೇ ತೆಗೆಸಿದರು. ಎಲುಬು ಬಲು ಚೆನ್ನಾಗಿತ್ತು. ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಪ್ರತಿ ಸಲವೂ ಪರೀಕ್ಷೆಯಲ್ಲಿ ತಾನೇ ಪಾಸಾದವನಂತೆ ಹಿಗ್ಗುತ್ತಿದ್ದ.

"ಎಲ್ಲ ನಾರ್ಮಲ್ಲು ಕಣೇ! ಇನ್ನೇನು ಬೇಕು?"

"ನೋವು ನಾರ್ಮಲ್ ಆಗಿಲ್ವಲ್ಲ."

"ಕೇಬಲ್ ಸರಿ ಇದೆ, ಮೋಟರ್ ಸರಿ ಇದೆ ಅಂದ್ಮೇಲೆ ಲಿಫ್ಟ್ ಓಡ್ಲೇಬೇಕಪ್ಪ."

"ಓಡ್ತಾ ಇದೀನಲ್ಲ. ಕಿರ್ ಅಂತಿದೆ ಅಂತ ಹೇಳ್ತಿದೀನಿ ಅಷ್ಟೇ."

ಅತ್ತೆ ಅಡುಗೆಮನೆಯಿಂದಲೇ ಮೂಗು ಮುರಿದರು. "ನಮಗೂ ನೋಯ್ತಿತ್ತಮ್ಮ. ಹೇಳ್ಕೊಳ್ಳೋಕೆ ಪುರುಸೊತ್ತು ಇರಲಿಲ್ಲ."

ಕೊನೆಗೆ ಒಬ್ಬ ಡಾಕ್ಟರಮ್ಮ ಸಿಕ್ಕರು. ಅವರು ಕಾಗದಗಳನ್ನು ಪಕ್ಕಕ್ಕಿಟ್ಟು, ಮೈ ಅಲ್ಲಲ್ಲಿ ಒತ್ತಿ ನೋಡಿ, ನಿದ್ದೆ ಹೇಗೆ, ಮರೆವು ಹೇಗೆ, ಸುಸ್ತು ಹೇಗೆ ಎಂದು ಪಕ್ಕದ ಮನೆಯವರಂತೆ ಬಿಡಿಸಿ ಬಿಡಿಸಿ ಕೇಳಿದರು. ಆಮೇಲೆ ಹೇಳಿದರು: "ಇದಕ್ಕೆ ಫೈಬ್ರೊಮಯಾಲ್ಜಿಯಾ ಅಂತಾರೆ. ನಿಮ್ಮ ಮೂಳೆ ಸವೆದಿಲ್ಲ, ಸ್ನಾಯು ಹಾಳಾಗಿಲ್ಲ. ನೋವಿನ ಸುದ್ದಿ ಮುಟ್ಟಿಸೋ ನರಗಳು ಇವೆಯಲ್ಲ, ಅವು ಸಣ್ಣದನ್ನೂ ದೊಡ್ಡದು ಮಾಡಿ ಹೇಳ್ತಿವೆ."

"ನಮ್ಮ ನಾದಿನಿ ಥರ," ಎಂದು ಅವಳ ಬಾಯಿ ತಪ್ಪಿ ಬಂತು.

ಡಾಕ್ಟರಮ್ಮ ನಕ್ಕರು. "ಹೂಂ, ಹಾಗೇ. ಹಾಗಂತ ಅದು ಸುಳ್ಳು ನೋವಲ್ಲ. ನಿಜವಾದ ನೋವೇ."

ನಿಜವಾದ ನೋವು. ಅಷ್ಟು ವರ್ಷಗಳಲ್ಲಿ ಯಾರೂ ಕೊಡದ ಸರ್ಟಿಫಿಕೇಟು. ಅವಳಿಗೆ ಅಲ್ಲೇ ಅಳು ಬಂತು.

"ಹೋಗುತ್ತಾ ಡಾಕ್ಟರೇ?"

"ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಪಳಗಿಸಬಹುದು."

ನೋವಿಗೆ ಒಂದು ಹೆಸರು ಸಿಕ್ಕಿದ್ದೇ ತಡ, ಮನೆಯವರೆಲ್ಲ ಟೊಂಕ ಕಟ್ಟಿ ನಿಂತರು. ಹೆಸರಿಲ್ಲದಾಗ ಯಾರಿಗೂ ಕಾಣದ ಕಾಯಿಲೆಗೆ ಈಗ ತಲೆಗೊಂದು ಮದ್ದು. ಆ ಹೆಸರಿಗೆ ನಾಲಿಗೆ ಹೊರಳದ ಅತ್ತೆ ಅದನ್ನು 'ಆ ಉದ್ದದ್ದು' ಎಂದು ಕರೆದು, ಬಿಸಿ ಎಣ್ಣೆ ತಿಕ್ಕಿದರೆ ಉದ್ದದ್ದು ಗಿಡ್ಡ ಆಗುತ್ತೆ ಎಂದು ತೀರ್ಪು ಕೊಟ್ಟರು. ಗಂಡ ಅಯಸ್ಕಾಂತದ ಸೊಂಟಪಟ್ಟಿ ತಂದ. ಅದು ಅವಳ ನೋವನ್ನು ಎಳೆಯಲಿಲ್ಲ, ಅಡುಗೆಮನೆಯ ಚಮಚಗಳನ್ನು ಎಳೆಯಿತು. ಮೈದುನ ಸೂರ್ಯ ಹುಟ್ಟುವ ಮೊದಲೇ ಎದ್ದು ತಣ್ಣೀರು ಸುರಿದುಕೊಂಡು ಉಸಿರು ಹಿಡಿಯುವ ಒಂದು ಕ್ಲಾಸಿಗೆ ಅವಳ ಹೆಸರು ಬರೆಸಿಬಿಟ್ಟ. ನಾದಿನಿ ಫೋನಿನಲ್ಲಿ ಓದಿ ಓದಿ ಸಕ್ಕರೆ ಬೇಡ ಎಂದಳು, ಹಾಲು ಬೇಡ ಎಂದಳು, ಗೋಧಿ ಬೇಡ ಎಂದಳು, ಟೊಮೆಟೊ ಅಂತೂ ವಿಷ ಎಂದಳು. ಎದುರು ಮನೆಯಾಕೆ ಸೂಜಿ ಚುಚ್ಚುವವರೊಬ್ಬರ ವಿಳಾಸ ತಂದಳು.

ಅವಳಿಗೆ ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲ. ನೋಯುವುದೇನಿದ್ದರೂ ತನಗಿರಲಿ ಎಂದು ಎಲ್ಲರ ಮದ್ದನ್ನೂ ಒಪ್ಪಿಕೊಂಡಳು. ಕೋಳಿ ಕೂಗುವ ಮೊದಲೇ ಎದ್ದು ತಣ್ಣೀರು, ಆಮೇಲೆ ಉಸಿರು, ಆಮೇಲೆ ಎಣ್ಣೆ, ಎಣ್ಣೆ ತೊಳೆಯಲು ಬಿಸಿನೀರು, ಸೊಂಟಕ್ಕೆ ಪಟ್ಟಿ, ತನಗೆ ಬೇರೆ ಅಡುಗೆ, ಮನೆಯವರಿಗೆ ಬೇರೆ ಅಡುಗೆ, ಸಂಜೆ ಸೂಜಿ. ಮೊದಲು ನೋವೊಂದೇ ಇತ್ತು. ಈಗ ನೋವನ್ನು ನೋಡಿಕೊಳ್ಳುವ ಎರಡನೇ ನೌಕರಿ. ಇದರ ನಡುವೆ ಅಪರೂಪಕ್ಕೊಂದು ಒಳ್ಳೆಯ ದಿನ ಬಂದರೆ, ಆ ದಿನವನ್ನು ಬಿಟ್ಟರೆ ಸಿಕ್ಕೀತೇ ಎಂದು ಪರದೆ ಒಗೆದು, ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು, ಮಗಳ ಕಪಾಟು ಜೋಡಿಸಿ, ಮರುದಿನದಿಂದ ಮೂಲೆ ಹಿಡಿಯುತ್ತಿದ್ದಳು.

"ನಿನ್ನೆ ಚೆನ್ನಾಗೇ ಇದ್ಯಲ್ಲ!" ಎನ್ನುತ್ತಿದ್ದರು ಅತ್ತೆ. ಆ ಮಾತು ಸೂಜಿಗಿಂತ ಆಳಕ್ಕೆ ಹೋಗುತ್ತಿತ್ತು.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದಾಗ ಅವಳ ದಿನಚರಿ ಕೇಳಿಯೇ ಅವರಿಗೆ ಸುಸ್ತಾಯಿತು. "ಇಷ್ಟೆಲ್ಲ ಮಾಡಿದ್ರೆ ನನಗೂ ಆ ನೋವು ಬರುತ್ತೆ," ಎಂದರು. "ನೋಡಿ, ಇವುಗಳಲ್ಲಿ ಕೆಲವು ಕೆಲವರಿಗೆ ಹಿತ ಕೊಡುತ್ತವೆ. ನಿಮಗೆ ಯಾವುದು ಹಿತ ಅಂತ ಗೊತ್ತಾಗಬೇಕಾದ್ರೆ ಒಂದೊಂದಾಗಿ ಮಾಡಿ ನೋಡಬೇಕು. ಒಟ್ಟಿಗೆ ಎಲ್ಲ ಸುರಿದುಕೊಂಡರೆ ಯಾವುದು ಮದ್ದು, ಯಾವುದು ಕಾಟ ಅಂತ ಹೇಗೆ ಹೇಳ್ತೀರಿ? ಈ ಸಣ್ಣ ಮಾತ್ರೆ ಬರೆದುಕೊಡ್ತೀನಿ. ಅದರ ಕೆಲಸ ಕಾಲು ಭಾಗ, ಉಳಿದದ್ದು ನಿಮ್ಮದು. ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಸ್ವಲ್ಪ ನಡೀರಿ, ನಿಧಾನಕ್ಕೆ ಹೆಚ್ಚು ಮಾಡಿ. ಮುಖ್ಯವಾದ್ದು ಏನು ಗೊತ್ತಾ? ಸುಸ್ತಾದ ಮೇಲೆ ನಿಲ್ಲಿಸೋದಲ್ಲ, ಸುಸ್ತಾಗೋ ಮೊದಲು ನಿಲ್ಲಿಸಬೇಕು. ಚೆನ್ನಾಗಿರೋ ದಿನಾನೂ."

"ಚೆನ್ನಾಗಿರೋ ದಿನ ಕೂತ್ರೆ ಮನೇಲಿ ಏನಂತಾರೆ?"

"ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ಹಾಂ, ಮಧ್ಯಾಹ್ನ ಸ್ವಲ್ಪ ಹೊತ್ತು ಬೆನ್ನು ನೆಲಕ್ಕೆ ಹಚ್ಚಿ. ಎಲ್ಲಿ ಕೆಲಸ ನಿಮಗೆ?"

"ಹಾಸಿಗೆ ಅಂಗಡೀಲಿ."

"ಅಯ್ಯೋ, ಪುಣ್ಯವಂತರು!" ಎಂದರು ಡಾಕ್ಟರಮ್ಮ.

ಮದ್ದುಗಳನ್ನು ಒಂದೊಂದಾಗಿ ವಾಪಸು ಮಾಡುವುದು, ಮದುವೆಯಲ್ಲಿ ಬಂದ ಉಡುಗೊರೆ ವಾಪಸು ಮಾಡಿದಷ್ಟೇ ನಾಜೂಕಿನ ಕೆಲಸವಾಯಿತು. ಪಟ್ಟಿಯನ್ನು ಗಂಡನ ಸೊಂಟಕ್ಕೇ ಕಟ್ಟಿ, "ನಿಮ್ಮ ಕೆಲಸ ನನ್ನದಕ್ಕಿಂತ ಕಷ್ಟದ್ದು," ಎಂದಳು. ಅವನು ಕರಗಿಹೋದ. ಮೈದುನನ ಕ್ಲಾಸಿನಿಂದ ತಣ್ಣೀರನ್ನೂ ಮುಂಜಾವನ್ನೂ ಬಿಟ್ಟು, ನಿಧಾನವಾದ ಉಸಿರನ್ನೂ ಮೈ ಸಡಿಲಿಸುವ ನಾಲ್ಕಾರು ಚಲನೆಗಳನ್ನೂ ಮಾತ್ರ ಇಟ್ಟುಕೊಂಡಳು. ಟೊಮೆಟೊ ತಿಂದು ನೋಡಿದಳು, ಏನೂ ಆಗಲಿಲ್ಲ. ಈ ಸುದ್ದಿ ನಾದಿನಿಗೆ ಮುಟ್ಟಿಸಲಿಲ್ಲ. ಸೂಜಿ ಎರಡು ದಿನ ಹಗುರ ಅನ್ನಿಸಿ ಮೂರನೆಯ ದಿನ ಮಾಮೂಲಿಗೆ ಬರುತ್ತಿತ್ತು, ಆಗೊಮ್ಮೆ ಈಗೊಮ್ಮೆ ಇರಲಿ ಎಂದುಕೊಂಡಳು. ಮಲಗುವ ಮುಂಚೆ ಬಿಸಿನೀರಿನ ಸ್ನಾನ ನಿಜಕ್ಕೂ ಹಿತವಾಗಿತ್ತು, ಅದು ಉಳಿಯಿತು. ಮಗಳನ್ನು ಶಾಲೆಗೆ ನಡೆಸಿಕೊಂಡೇ ಹೋಗತೊಡಗಿದಳು. ದಾರಿಯಲ್ಲಿ ಸಿಕ್ಕ ಪ್ರತಿ ಬೆಕ್ಕನ್ನೂ ಮಾತನಾಡಿಸುವ ಮಗುವಿನ ಜೊತೆ ಬೇಗ ನಡೆಯುವ ಅಪಾಯವೇ ಇರಲಿಲ್ಲ.

ಉಳಿದದ್ದು ಅತ್ತೆಯ ಎಣ್ಣೆ. ಎಣ್ಣೆಯ ಬಿಸಿ ಒಳ್ಳೆಯದೇ, ಅತ್ತೆಯ ಕೈ ಮಾತ್ರ ಹಿಟ್ಟು ನಾದುವ ಕೈ.

"ಸ್ವಲ್ಪ ಮೆಲ್ಲಗೆ ಅತ್ತೆ."

"ಒತ್ತದೆ ಇದ್ರೆ ನೋವು ಹೊರಗೆ ಹೇಗೆ ಬರುತ್ತೆ? ನಿನಗೆ ತಡ್ಕೊಳ್ಳೋ ಶಕ್ತಿನೇ ಇಲ್ಲ."

ಅವಳು ಹಲ್ಲು ಕಚ್ಚಿ, ಮುಖ ಆ ಕಡೆ ಹೊರಳಿಸಿ ತಡೆದುಕೊಂಡಳು.

ಅಂತೂ ಕೆಲವು ತಿಂಗಳಲ್ಲಿ ನೋವು ಮನೆ ಬಿಟ್ಟು ಹೋಗದಿದ್ದರೂ ಯಜಮಾನಿಕೆ ಬಿಟ್ಟುಕೊಟ್ಟು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಬಂದು ಕೂತಿತು. ಮಧ್ಯಾಹ್ನಗಳದೇ ಒಂದು ತಕರಾರು. ಊಟದ ಹೊತ್ತಿಗೆ ಮೈ ನೆಂದ ಗೋಣಿಚೀಲವಾಗಿ, ಸಂಜೆಯ ವ್ಯಾಪಾರದಲ್ಲಿ ತಪ್ಪು ಅಳತೆ, ತಪ್ಪು ವಿಳಾಸ. ಒಂದು ಡಬಲ್ ಹಾಸಿಗೆ ಬ್ರಹ್ಮಚಾರಿಯೊಬ್ಬನ ಮನೆಗೆ ಹೋಗಿ, ಅವನು ಇದರಲ್ಲೇನೋ ಸೂಚನೆ ಇದೆ ಎಂದುಕೊಂಡ. ಹೀಗೇ ನಡೆದರೆ ತಾನೇ ಕೆಲಸ ಬಿಡಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಬಿಡುವ ಮನಸ್ಸು ಒಂದಿಷ್ಟೂ ಇರಲಿಲ್ಲ. ಮನೆಯಲ್ಲಿ ಅವಳು ನೋವಿನವಳು. ಅಂಗಡಿಯಲ್ಲಿ ಹಾಸಿಗೆ ಅಕ್ಕ. ಅವಳ ಮಾತಿಗೆ ಜನ ಚಪ್ಪಲಿ ಬಿಟ್ಟು ಮಲಗುವ ಜಾಗ ಜಗತ್ತಿನಲ್ಲಿ ಅದೊಂದೇ.

ಆದ್ದರಿಂದ ಧೈರ್ಯ ಮಾಡಿ ಮಾಲೀಕರ ಮುಂದೆ ನಿಂತಳು. ಕೂತಲ್ಲಿ ಕೂರದ, ಮಾತಿಗೊಮ್ಮೆ ಕುರ್ಚಿಯಿಂದ ಪುಟಿಯುವ ಅವರನ್ನು ಹಿಂದಿನಿಂದ ಎಲ್ಲರೂ ಸ್ಪ್ರಿಂಗ್ ಸಾಹೇಬರು ಎನ್ನುತ್ತಿದ್ದರು.

"ಸಾರ್, ಮಧ್ಯಾಹ್ನ ಊಟ ಆದ್ಮೇಲೆ ಸ್ವಲ್ಪ ಹೊತ್ತು ಮಲಗಬೇಕಿತ್ತು. ಡಾಕ್ಟರು ಹೇಳಿದಾರೆ. ಹಿಂದಿನ ಗೋಡೌನಲ್ಲಿ ಆದ್ರೂ ಸಾಕು."

ಸ್ಪ್ರಿಂಗ್ ಸಾಹೇಬರು ಪುಟಿದರು. "ಏನಮ್ಮಾ, ಹಾಸಿಗೆ ಅಂಗಡೀಲಿ ಕೆಲಸದವರೇ ಮಲಗಿದ್ರೆ? ಔಷಧಿ ಅಂಗಡಿಯವನು ಸಿಕ್ಕ ಮಾತ್ರೆ ನುಂಗ್ತಾ ಕೂತ ಹಾಗಾಗಲ್ವಾ? ಇಲ್ಲಿ ಮಲಗೋದು ಗ್ರಾಹಕರು. ನಾವು ನಿಂತಿರೋರು."

"ನೀವು ಕೂತಿರ್ತೀರಲ್ಲ ಸಾರ್."

"ನಾನು ಕೂತಿರಲ್ಲ, ಯೋಚನೆ ಮಾಡ್ತಿರ್ತೀನಿ."

ಮಾತು ಅಲ್ಲಿಗೆ ಮುಗಿಯಿತು. ಅವಳು ಸಪ್ಪಗೆ ಬಂದು ಕಂಬಕ್ಕೆ ಒರಗಿದಳು. ಕಂಬದ ಮೇಲೆ ಸಾಹೇಬರೇ ಬರೆಸಿದ ಬೋರ್ಡು ಇತ್ತು: ಗ್ರಾಹಕರು ಎಷ್ಟು ಹೊತ್ತು ಬೇಕಾದರೂ ಮಲಗಿ ನೋಡಬಹುದು. ಬಿಲ್ ಬರೆಯುವ ಅಜ್ಜ ಕನ್ನಡಕದ ಮೇಲಿಂದ ಒಮ್ಮೆ ಅವಳನ್ನು, ಒಮ್ಮೆ ಬೋರ್ಡನ್ನು ನೋಡಿ, ಕೆಮ್ಮಿದರು.

ಮರುದಿನ ಮಧ್ಯಾಹ್ನ ಸಾಹೇಬರು ಊಟಕ್ಕೆ ಮನೆಗೆ ಹೋದ ಮೇಲೆ ಅವಳು ಅಂಗಡಿಯ ನೀಲಿ ಕೋಟು ಕಳಚಿ ಮೊಳೆಗೆ ಸಿಕ್ಕಿಸಿ, ಹಿಂಬಾಗಿಲಿಂದ ಹೊರಗೆ ಹೋಗಿ, ಸುತ್ತಿಕೊಂಡು ಮುಂಬಾಗಿಲಿಂದ ಒಳಗೆ ಬಂದಳು.

"ಒಂದು ಹಾಸಿಗೆ ನೋಡಬೇಕಿತ್ತು," ಎಂದಳು ಅಜ್ಜನಿಗೆ.

"ಬನ್ನಿ ಮೇಡಂ," ಎಂದರು ಅಜ್ಜ, ಮುಖ ಗಂಟಿಕ್ಕಿಕೊಂಡೇ. "ಚಪ್ಪಲಿ ಬಿಡಿ. ನಿಮ್ಮ ಮನೆ ಅಂದ್ಕೊಂಡು ಮಲಗಿ."

ಹೀಗೆ ಕೆಲವು ವಾರ ಅವಳು ತನ್ನ ಅಂಗಡಿಗೆ ತಾನೇ ಗ್ರಾಹಕಳಾಗಿ ಬಂದು, ಮೂಲೆಯ ಹಾಸಿಗೆಯಲ್ಲಿ ಬೆನ್ನು ಚಾಚಿ, ಎದ್ದು, "ಯೋಚನೆ ಮಾಡಿ ಹೇಳ್ತೀನಿ," ಎಂದು ಹೊರಗೆ ಹೋಗಿ, ಕೋಟು ತೊಟ್ಟು ಕೆಲಸಕ್ಕೆ ಬರುತ್ತಿದ್ದಳು. ಸಂಜೆಗಳು ಸುಧಾರಿಸಿದವು. ಅಳತೆ ತಪ್ಪಲಿಲ್ಲ. ಬ್ರಹ್ಮಚಾರಿಗಳಿಗೆ ಸಿಂಗಲ್ಲೇ ಹೋಯಿತು.

ಒಂದು ದಿನ ಆ ಮೂಲೆಯ ಹಾಸಿಗೆ ಮಾರಾಟವಾಗಿತ್ತು. ಉಳಿದವುಗಳ ಮೇಲೆ ಹೊಸದಾಗಿ ಬಂದ ದಿಂಬುಗಳ ರಾಶಿ, ಖಾಲಿ ಇದ್ದದ್ದು ಬೀದಿಯ ಗಾಜಿನ ಪಕ್ಕದ್ದೊಂದೇ. ಹಿಂದಿನ ದಿನ ಮೈ ಹಗುರಾಗಿದೆಯೆಂದು ಮತ್ತದೇ ಹುಚ್ಚಿನಲ್ಲಿ ಪರದೆಗಳನ್ನೆಲ್ಲ ಒಗೆದಿದ್ದಳು, ಹಾಗಾಗಿ ಇವತ್ತು ಆರಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಬಿದ್ದುಕೊಂಡಳು. ನಿದ್ದೆಯೇ ಬಂದುಬಿಟ್ಟಿತು, ಬಾಯಿ ತೆರೆದು ಬರುವಂಥ ನಿದ್ದೆ.

ಕಣ್ಣು ಬಿಟ್ಟಾಗ ಗಾಜಿನಾಚೆ ಜನ. ಈಚೆ, ಮುಖದ ಮೇಲೆ ಬಗ್ಗಿದ ಸ್ಪ್ರಿಂಗ್ ಸಾಹೇಬರು. ಮೇಲೇಳಲು ಹೋದಳು.

"ಏಳಬೇಡ!" ಎಂದು ಸಾಹೇಬರು ಪಿಸುಗುಟ್ಟಿದರು. "ಹಾಗೇ ಇರು. ಎರಡು ಪಾರ್ಟಿ ಒಳಗೆ ಬಂದಿದೆ. ನೀನು ಮಲಗಿರೋ ಹಾಸಿಗೆನೇ ಬೇಕಂತೆ."

ಅಜ್ಜನಿಂದ ಅವಳ ಕಾಯಿಲೆಯ ಪೂರ್ತಿ ಕಥೆ ಕೇಳಿಸಿಕೊಂಡ ಮೇಲೆ ಸಾಹೇಬರ ತಲೆಯಲ್ಲಿ ದೀಪ ಹತ್ತಿಕೊಂಡಿತು. ಮಾರನೆಯ ದಿನವೇ ಗಾಜಿನ ಪಕ್ಕದ ಹಾಸಿಗೆಗೆ ಗುಲಾಬಿ ಬಣ್ಣದ ಹೊದಿಕೆ, ಮೇಲೆ ಎರಡು ದೀಪ, ಪಕ್ಕದಲ್ಲಿ ಬೋರ್ಡು: ಮೈಯೆಲ್ಲ ನೋವಿದ್ದವರೂ ಇಲ್ಲಿ ಮಗುವಿನಂತೆ ಮಲಗುತ್ತಾರೆ!

"ಸಂಜೆ ಜನ ಓಡಾಡೋ ಹೊತ್ತಲ್ಲಿ ಒಂದು ಗಂಟೆ ಮಲಗು. ಮುಖ ಬೀದಿ ಕಡೆ. ಬಾಯಿ ಮುಚ್ಚಿರಬೇಕು. ತುಟಿ ಮೇಲೆ ಒಂಚೂರು ನಗು ಇರ್ಲಿ, ಜಾಸ್ತಿ ಬೇಡ."

"ಮತ್ತೆ ಮಧ್ಯಾಹ್ನ, ಸಾರ್?"

"ಸಂಜೆ ಮಲಗ್ತೀಯಲ್ಲಮ್ಮ! ಎಷ್ಟು ಅಂತ ಮಲಗ್ತೀಯಾ?"

ಮಲಗುವುದೇ ತಾನೆ, ಯಾವಾಗಾದರೇನು ಎಂದು ಒಪ್ಪಿಕೊಂಡಳು. ಎರಡೇ ದಿನಕ್ಕೆ ಗೊತ್ತಾಯಿತು, ನಿಲ್ಲುವುದಕ್ಕಿಂತ ಕಷ್ಟದ ಕೆಲಸ ಇದು. ಮಗ್ಗುಲು ಹೊರಳಿಸುವಂತಿಲ್ಲ, ಕಾಲು ಮಡಿಸುವಂತಿಲ್ಲ. ಅಲುಗಾಡದೆ ಬಿದ್ದುಕೊಂಡ ಮೈ ಗಂಟೆ ಕಳೆಯುವಷ್ಟರಲ್ಲಿ ಮರದ ಹಲಗೆ. ಶಾಲೆ ಬಿಟ್ಟ ಮಕ್ಕಳು ಗಾಜಿಗೆ ಮೂಗು ಒತ್ತಿ, "ಉಸಿರಾಡ್ತಾಳೆ ಕಣೋ!" ಎಂದು ಕೂಗುತ್ತಿದ್ದವು. ಮಧ್ಯಾಹ್ನದ ವಿಶ್ರಾಂತಿಯೂ ಹೋಯಿತು. ಡಾಕ್ಟರು ಮಲಗು ಎಂದರು, ಸಾಹೇಬರು ಮಲಗಿಸಿದರು, ನೋವು ಮಾತ್ರ ಬಾಗಿಲ ಪಕ್ಕದ ಕುರ್ಚಿಯಿಂದ ಎದ್ದು ಮತ್ತೆ ನಡುಮನೆಗೆ ಬಂತು.

ಮನೆಯಲ್ಲಿ ಅವಳು ಈ ವಿಷಯ ಬಾಯಿ ಬಿಟ್ಟಿರಲಿಲ್ಲ. ಆದರೆ ನಾದಿನಿ ಆ ಬೀದಿಗೆ ಚಪ್ಪಲಿ ಕೊಳ್ಳಲು ಬಂದಳು, ಮುಗಿಯಿತು.

"ಅಮ್ಮಾ! ಅತ್ತಿಗೆ ಗಾಜಿನ ಪೆಟ್ಟಿಗೆಯೊಳಗೆ ಮಲಗಿದಾಳೆ! ಊರೇ ನೋಡ್ತಾ ಇದೆ!"

ಮರುದಿನ ಸಂಜೆ, ಅರೆಮುಚ್ಚಿದ ರೆಪ್ಪೆಗಳ ನಡುವಿನಿಂದ ಅವಳಿಗೆ ಪರಿಚಿತವಾದ ಒಂದು ಛತ್ರಿ ಕಂಡಿತು. ಅದರ ಹಿಂದೆ ಅತ್ತೆ. ಇವತ್ತು ಬೀದಿಯಲ್ಲೇ ಮಾನ ಹೋಯಿತು ಎಂದುಕೊಂಡಳು. ಅತ್ತೆ ಗಾಜು ತಟ್ಟಲಿಲ್ಲ, ಬೈಯಲಿಲ್ಲ. ಮಕ್ಕಳ ನಡುವೆ ನಿಂತು ನೋಡುತ್ತಲೇ ಇದ್ದರು. ಅಷ್ಟರಲ್ಲಿ ಸೊಂಟದಿಂದ ಹಿಮ್ಮಡಿಯವರೆಗೆ ಒಂದು ಸೆಳೆತ ಬಂತು. ತುಟಿಯ ಮೇಲಿನ ನಗುವನ್ನು ಬಿಡದೆ, ದಿಂಬಿನ ಅಂಚಿನಲ್ಲಿದ್ದ ಕೈಯಿಂದ ಹೊದಿಕೆಯನ್ನು ಹಿಂಡಿ ಹಿಡಿದು, ಒಂದೊಂದೇ ಅಂಗುಲ ಕಾಲು ಜರುಗಿಸಿದಳು. ಕಣ್ಣಂಚಿನಿಂದ ನೀರು ಇಳಿದು ದಿಂಬಿಗೆ ಸೇರಿತು. ಬೀದಿಯವರಿಗೆ ಕಂಡದ್ದು ನಗು. ಮೂವತ್ತು ವರ್ಷ ಮಕ್ಕಳು ಮರಿ ಎಂದು ಕಾಯಿಲೆಯ ಹಾಸಿಗೆಗಳ ಪಕ್ಕದಲ್ಲಿ ಕೂತಿದ್ದ ಅತ್ತೆಗೆ ಕಂಡದ್ದು ಕೈ.

ಆ ರಾತ್ರಿ ಎಣ್ಣೆಯ ಬಟ್ಟಲು ಹಿಡಿದು ಬಂದ ಅತ್ತೆ ಈ ಸಲ ಒತ್ತಲಿಲ್ಲ. ಅಂಗೈಯನ್ನು ಬೆನ್ನಿನ ಮೇಲೆ ಸುಮ್ಮನೆ ಇಟ್ಟರು, ನಿದ್ದೆ ಹತ್ತಿದ ಮಗುವಿನ ಮೇಲೆ ಇಡುವ ಹಾಗೆ.

"ಇಷ್ಟು ಸಾಕಾ?"

"ಇಷ್ಟೇ ಬೇಕಾಗಿತ್ತು ಅತ್ತೆ."

"ಮನೇಲಿ ಒಂದು ದಿನಾನೂ ಇಷ್ಟು ನೋಯುತ್ತೆ ಅಂತ ತೋರಿಸ್ಲಿಲ್ವಲ್ಲೇ ನೀನು."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನೋವಿದೆ, ನೋವಿದೆ ಎಂದು ವರ್ಷಗಟ್ಟಲೆ ಬಾಯಿಬಿಟ್ಟು ಹೇಳಿದಾಗ ನಂಬದವರು, ನೋವೇ ಇಲ್ಲವೆಂದು ನಟಿಸಿದ ದಿನ ನಂಬಿದರು.

"ಬಿಟ್ಟುಬಿಡು ಆ ಕೆಲಸ," ಎಂದರು ಅತ್ತೆ.

"ಬಿಡಲ್ಲ. ಆ ಗಾಜು ಬಿಡಬೇಕು, ಕೆಲಸ ಅಲ್ಲ."

ಅದನ್ನು ಸಾಹೇಬರಿಗೆ ಹೇಳುವ ಧೈರ್ಯ ಮಾತ್ರ ಅವಳಿಗಿನ್ನೂ ಕೂಡಿಬರಲಿಲ್ಲ. ಮರುದಿನದಿಂದ ಅತ್ತೆಯೂ ಛತ್ರಿ ಹಿಡಿದು ಅಂಗಡಿಗೆ ಹಾಜರು. ಸೊಸೆಯ ಪಕ್ಕದ ಹಾಸಿಗೆಯಲ್ಲಿ ಕಾಲು ಇಳಿಬಿಟ್ಟು ಕೂತು, ಗಾಜಿನಾಚೆಯ ಮಕ್ಕಳತ್ತ ಛತ್ರಿ ಬೀಸುತ್ತ, "ಹೋಗ್ರೋ, ನಿಮ್ಮ ಮನೇಲಿ ಯಾರೂ ಮಲಗಲ್ವಾ?" ಎನ್ನುತ್ತಿದ್ದರು. ಸಾಹೇಬರು ಕೇಳಲು ಬಂದರೆ, "ಮಲಗಿ ನೋಡ್ತಾ ಇದೀನಿ, ಇನ್ನೂ ತೀರ್ಮಾನ ಆಗಿಲ್ಲ," ಎಂದು ಬೋರ್ಡು ತೋರಿಸುತ್ತಿದ್ದರು.

ಮೂರನೆಯ ಸಂಜೆ ಒಬ್ಬ ಹೆಂಗಸು ಒಳಗೆ ಬಂದಳು. ಹೆಗಲ ಮೇಲೆ ಅಳತೆಯ ಟೇಪು ಮರೆತು ಹಾಗೇ ಬಂದಿದ್ದಳು, ದರ್ಜಿ. ಕುತ್ತಿಗೆ ತಿರುಗಿಸಲು ಆಗದೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಬೋರ್ಡು ಓದಿದಳು. ಸಾಹೇಬರು ಕೈ ಹೊಸೆಯುತ್ತ ಹತ್ತಿರ ಬರುವ ಮೊದಲೇ ಗುಲಾಬಿ ಹಾಸಿಗೆಯ ಪಕ್ಕಕ್ಕೆ ಬಂದು ಬಗ್ಗಿದಳು.

"ಅಕ್ಕಾ, ನಿದ್ದೆ ಕೆಡಿಸ್ತಿದೀನಿ, ಬೇಜಾರು ಮಾಡ್ಕೋಬೇಡಿ. ನಿಮಗೂ ಆ ಫೈಬ್ರೊಮಯಾಲ್ಜಿಯಾನೇ ಅಂತ ಬೀದೀಲಿ ಕೇಳ್ದೆ. ನನಗೂ ಈ ವರ್ಷ ಅದೇ ಹೆಸರು ಹೇಳಿದ್ರು. ಇದರ ಮೇಲೆ ಮಲಗಿದ್ರೆ ಹೋಗುತ್ತಾ? ಹೋಗುತ್ತೆ ಅಂದ್ರೆ ಮಷಿನ್ ಒತ್ತೆ ಇಟ್ಟಾದ್ರೂ ತಗೋತೀನಿ."

ಸಾಹೇಬರು ಅವಳ ಬೆನ್ನ ಹಿಂದಿನಿಂದ ಜೋರಾಗಿ ತಲೆಯಾಡಿಸುತ್ತಿದ್ದರು: ಹೂಂ ಅನ್ನು, ಹೂಂ ಅನ್ನು.

ಹಾಸಿಗೆ ಅಕ್ಕ ಕಣ್ಣು ತೆರೆದಳು. ಆ ಹೆಂಗಸಿನ ಕಣ್ಣಿನ ಕೆಳಗಿನ ಕಪ್ಪು ಅವಳಿಗೆ ಕನ್ನಡಿಯಿಂದ ಪರಿಚಯ. ಮೆಲ್ಲಗೆ ಎದ್ದು ಕೂತಳು. ಒಂದು ಗಂಟೆಯ ಮರಗಟ್ಟುವಿಕೆಗೆ ಬಾಯಿಂದ "ಅಮ್ಮಾ" ಎಂದು ಹೊರಬಿತ್ತು, ಅಂಗಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ.

"ಹೋಗಲ್ಲಮ್ಮ," ಎಂದಳು. "ಯಾವ ಹಾಸಿಗೆಯಿಂದಲೂ ಹೋಗಲ್ಲ. ನಿನ್ನ ಹಾಸಿಗೆ ನಡುವೆ ಹಳ್ಳ ಬಿದ್ದಿದೆಯಾ?"

"ಇಲ್ಲ ಅಕ್ಕ, ಎರಡು ವರ್ಷದ್ದು."

"ಹಾಗಾದ್ರೆ ಅದೇ ಸಾಕು. ಮಗ್ಗುಲಾಗಿ ಮಲಗಿ, ಮೊಣಕಾಲಿನ ನಡುವೆ ಒಂದು ದಿಂಬು ಇಟ್ಕೋ. ಹೊಲಿಗೆ ಮುಂದೆ ಕೂತ್ರೆ ಕುತ್ತಿಗೆ ಹಿಡಿಯೋವರೆಗೂ ಕಾಯಬೇಡ, ಒಂದೊಂದು ತೋಳು ಮುಗಿದ ಹಾಗೆ ಎದ್ದು ಓಡಾಡು. ಮಲಗೋ ಮುಂಚೆ ಬಿಸಿನೀರು. ಒಳ್ಳೆ ದಿನ ಬಂತು ಅಂತ ಪರದೆ ಒಗೀಬೇಡ. ಯಾರಾದ್ರೂ ಒತ್ತಿ ತಿಕ್ಕೋಕೆ ಬಂದ್ರೆ..." ಎಂದು ಪಕ್ಕಕ್ಕೆ ನೋಡಿದಳು.

"ಸುಮ್ನೆ ಕೈ ಇಡಿ ಅಂತ ಹೇಳು," ಎಂದರು ಅತ್ತೆ, ಆ ಮಾತು ತಮ್ಮದೇ ಎನ್ನುವಂತೆ.

ಅವಳು ಕಾಲು ಕೆಳಗಿಟ್ಟು ಎದ್ದು ನಿಂತಳು. ಸಾಹೇಬರ ಕಡೆ ತಿರುಗಿದಳು. "ಸಾರ್, ಈ ಗಾಜಿನಲ್ಲಿ ನಾನು ಮಲಗಲ್ಲ. ಮಧ್ಯಾಹ್ನ ಗೋಡೌನಲ್ಲಿ ಸ್ವಲ್ಪ ಹೊತ್ತು ಮಲಗೋಕೆ ಬಿಟ್ರೆ ಸಂಜೆವರೆಗೂ ನಿಂತು ಮಾರ್ತೀನಿ. ಬಿಡಲ್ಲ ಅಂದ್ರೆ ಇವತ್ತೇ ಹೋಗ್ತೀನಿ."

"ಗ್ರಾಹಕರನ್ನ ವಾಪಸ್ ಕಳಿಸಿ ಮೇಲೆ ಷರತ್ತು ಬೇರೆ!" ಸಾಹೇಬರು ಕೂತಿರದಿದ್ದರೂ ಪುಟಿದರು. "ಹೋಗು! ಕೋಟು ಅಲ್ಲಿಟ್ಟು ಹೋಗು."

ಅವಳು ಕೋಟು ಕಳಚಿದಳು. ದರ್ಜಿ ಹೆಂಗಸು ಇಡೀ ಮೈ ತಿರುಗಿಸಿ ಸಾಹೇಬರನ್ನು ನೋಡಿದಳು.

"ಇವರು ಹೋಗ್ತಾರಾ? ನಮ್ಮ ಹೊಲಿಗೆ ಸಂಘದಲ್ಲಿ ಅರ್ಧ ಜನಕ್ಕೆ ಬೆನ್ನು ಹಿಡಿದಿದೆ. ಇವರ ಹತ್ರ ಕೇಳಿ ಅಂತ ಎಲ್ಲರನ್ನೂ ಇಲ್ಲಿಗೆ ಕಳಿಸೋಣ ಅಂದ್ಕೊಂಡೆ. ಹಳ್ಳ ಬಿದ್ದ ಹಾಸಿಗೆ ಇರೋರು ತುಂಬಾ ಜನ. ಹೋಗ್ಲಿ ಬಿಡಿ. ಅಕ್ಕಾ, ನೀವು ಇನ್ನು ಯಾವ ಅಂಗಡೀಲಿ ಸಿಗ್ತೀರಿ?"

ಸಾಹೇಬರು ಪುಟಿಯುವುದನ್ನು ನಿಲ್ಲಿಸಿದರು. ಬೋರ್ಡನ್ನು ನೋಡಿದರು. ಅಜ್ಜನನ್ನು ನೋಡಿದರು. ಅಜ್ಜ ಅತ್ಯಂತ ಶ್ರದ್ಧೆಯಿಂದ ಪೆನ್ನಿನ ನಿಬ್ಬು ಒರೆಸುತ್ತಿದ್ದರು.

"ಮಧ್ಯಾಹ್ನ ಎಷ್ಟು ಹೊತ್ತು ಅಂದೆ?"

ಅವಳು ಬಾಯಿ ತೆರೆಯುವ ಮೊದಲೇ ಅತ್ತೆ, "ಮುಕ್ಕಾಲು ಗಂಟೆ," ಎಂದರು.

"ಕಾಲು ಗಂಟೆ!"

"ಮುಕ್ಕಾಲು ಅಂದ್ರೆ ಮುಕ್ಕಾಲು. ಇಲ್ದಿದ್ರೆ ನಾ ಈ ಹಾಸಿಗೆ ಬಿಟ್ಟು ಏಳಲ್ಲ. ಬೋರ್ಡು ನೋಡಿ."

"ಅರ್ಧ ಗಂಟೆ. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇಲ್ಲ," ಎಂದರು ಸಾಹೇಬರು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ ಎಂದು ಅತ್ತೆಗೆ ಮೊದಲೇ ಗೊತ್ತಿತ್ತು. ಸೋತವರ ಮುಖ ಮಾಡಿಕೊಂಡು ಛತ್ರಿ ಎತ್ತಿಕೊಂಡರು. ದರ್ಜಿ ಹೆಂಗಸು ಒಂದು ದಿಂಬು ಕೊಂಡಳು.

ಈಗ ಮಧ್ಯಾಹ್ನ ಊಟವಾದ ಮೇಲೆ ಹಾಸಿಗೆ ಅಕ್ಕ ಗೋಡೌನಿಗೆ ಹೋಗುತ್ತಾಳೆ. ಸುರುಳಿ ಸುತ್ತಿ ನಿಲ್ಲಿಸಿದ ಹಾಸಿಗೆಗಳ ನಡುವೆ, ಅಂಚು ಹರಿದು ಯಾರೂ ಕೊಳ್ಳದೆ ವಾಪಸು ಬಂದ ಒಂದರ ಮೇಲೆ, ಬೇಕಾದ ಕಡೆ ಮುಖ ಮಾಡಿ ಮಲಗುತ್ತಾಳೆ. ಕೆಲವು ದಿನ ನಿದ್ದೆ ಬರುತ್ತದೆ. ಕೆಲವು ದಿನ ನೋವೇ ಪಕ್ಕದಲ್ಲಿ ಬಂದು ಮಲಗಿ, ಇಬ್ಬರೂ ಚಾವಣಿ ನೋಡುತ್ತಾರೆ. ನಿನ್ನೆ ಸೊಂಟದ್ದೇ ಸರದಿ. ದಿಂಬು ಸರಿಮಾಡಿಕೊಳ್ಳುತ್ತಿರುವಾಗ ಬಾಗಿಲಾಚೆ ಯಾರೋ ಕೇಳುವುದು ಕೇಳಿಸಿತು.

"ಹಾಸಿಗೆ ಅಕ್ಕ ಇಲ್ವಾ?"

"ಮಲಗಿದ್ದಾರೆ," ಎಂದರು ಸ್ಪ್ರಿಂಗ್ ಸಾಹೇಬರು.

"ಮಲಗಿದ್ದಾರಾ! ಕೆಲಸದ ಹೊತ್ತಲ್ಲಿ?"

"ಮೆಲ್ಲಗೆ ಮಾತಾಡಿ. ನಮ್ಮ ಅಂಗಡಿಯ ಪದ್ಧತಿನೇ ಹಾಗೆ. ಎದ್ದು ಬಂದು, ನಿಮಗೆ ಯಾವ ಹಾಸಿಗೆ ಬೇಡ ಅಂತ ಮೊದಲು ಹೇಳ್ತಾರೆ. ಅಲ್ಲಿವರೆಗೆ ಇದರ ಮೇಲೆ ಕೂತಿರಿ, ಚಪ್ಪಲಿ ಬಿಡಿ."

ಒಳಗೆ ಅವಳು ಗಡಿಯಾರ ನೋಡಿದಳು. ಇನ್ನೂ ಹೊತ್ತಿತ್ತು. ಕಾಯಲಿ ಎಂದುಕೊಂಡು ಆ ಕಡೆ ಮಗ್ಗುಲಾದಳು.